ಇದ್ದೂ ಇಲ್ಲದ ಡಿ ಡ್ರೈವ್

ಹೊಸ ಕಂಪ್ಯೂಟರಿನಲ್ಲಿ ಡ್ರೈವೊಂದು ಆಗಾಗ ಮಾಯವಾಗುವುದು, ಡ್ರೈವು ಪೂರ್ತಿ ಕೆಡುವುದಕ್ಕಿಂತ ಹೆಚ್ಚು ತಲೆ ತಿನ್ನುವ ತೊಂದರೆ. ಪೂರ್ತಿ ಕೆಟ್ಟರೆ ಮಾಡಬೇಕಾದದ್ದೇನೆಂದು ಗೊತ್ತಿರುತ್ತದೆ: ಬದಲಾಯಿಸುವುದು. ಮಾಯವಾಗುವ ಡ್ರೈವು ಹಾಗಲ್ಲ. ಬೆಳಿಗ್ಗೆ ಇರುತ್ತದೆ, ಮಧ್ಯಾಹ್ನ ಇರುವುದಿಲ್ಲ, ಸಂಜೆ ರಿಪೇರಿಯ ಹುಡುಗ ಬಂದು ಕುರ್ಚಿ ಎಳೆದುಕೊಂಡು ಕೂತೊಡನೆ ಮತ್ತೆ ಹಾಜರಾಗಿರುತ್ತದೆ. ಅವನು ಒಮ್ಮೆ ರೀಸ್ಟಾರ್ಟ್ ಮಾಡಿ, ಚಹಾ ಕುಡಿದು, "ಈಗ ಸರಿ ಐತಲ್ರಿ" ಎಂದು ಹೊರಟುಹೋಗುತ್ತಾನೆ. ಅವನದೂ ತಪ್ಪೆನ್ನುವಂತಿಲ್ಲ. ಕಣ್ಣೆದುರಿಗೆ ಇಲ್ಲದ ದೋಷವನ್ನು ಯಾರೂ ರಿಪೇರಿ ಮಾಡಲಾರರು.

ಜಮಖಂಡಿಯ ಫೋಟೊ ಸ್ಟುಡಿಯೊ, ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ, ರಬಕವಿ-ಬನಹಟ್ಟಿಯಲ್ಲಿ ಸೀರೆಯ ಅಂಚು-ಸೆರಗಿಗೆ ಡಿಸೈನ್ ತೆಗೆಯುವ ಕೋಣೆ, ಮುಧೋಳದ ಕಡೆ ಕಬ್ಬು ತೂಗುವ ಕಾಟಾ, ಬೀಳಗಿಯಲ್ಲಿ ಮುಳುಗಡೆ ಪರಿಹಾರದ ಕಾಗದಪತ್ರ ಸ್ಕ್ಯಾನ್ ಮಾಡಿಕೊಡುವ ಆನ್‌ಲೈನ್ ಸೆಂಟರು. ಇಂಥ ಜಾಗಗಳಲ್ಲಿ ಹೊಸ ಕಂಪ್ಯೂಟರು ಅಂದರೆ ಪೂರ್ತಿ ಹೊಸದೇನೂ ಅಲ್ಲ. ವಿಂಡೋಸ್ ಬೇಗ ತೆರೆದುಕೊಳ್ಳಲೆಂದು ಒಂದು ಹೊಸ ಎಸ್‌ಎಸ್‌ಡಿ ಬರುತ್ತದೆ, ಅದು ಸಿ ಡ್ರೈವ್ ಆಗುತ್ತದೆ. ಹಲವು ವರ್ಷಗಳ ಕೆಲಸ ತುಂಬಿಕೊಂಡ ಹಳೆಯ ಹಾರ್ಡ್‌ಡಿಸ್ಕನ್ನು ಎಸೆಯುವ ಧೈರ್ಯ ಯಾರಿಗೂ ಇಲ್ಲ. ಹಳೆಯ ಡಬ್ಬಿಯಿಂದ ಬಿಚ್ಚಿ ಹೊಸ ಡಬ್ಬಿಗೆ ಹಾಕಿಸುತ್ತಾರೆ, ಅದು ಡಿ ಡ್ರೈವ್. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರಿಕೆಗಳು, ಮದುವೆಯ ವಿಡಿಯೊಗಳು, ಒಮ್ಮೆ ಓಡಿ ಮತ್ತೆ ಫ್ಯಾಷನ್ನಿಗೆ ಬರಬಹುದಾದ ಡಿಸೈನುಗಳು, ಹಿಂದಿನ ಹಂಗಾಮುಗಳ ತೂಕದ ಲೆಕ್ಕ ಎಲ್ಲವೂ ಅದರಲ್ಲೇ. ಹೀಗಾಗಿ "ಡಿ ಡ್ರೈವ್ ಹೋತ್ರಿ" ಎಂಬ ಫೋನ್ ಕರೆಯಲ್ಲಿ ಇರುವ ಗಾಬರಿ ಯಂತ್ರದ ಬೆಲೆಗೆ ಸಂಬಂಧಪಟ್ಟದ್ದಲ್ಲ.

ಎಲ್ಲರೂ ಮೊದಲು ಹೇಳುವ ಕಾರಣ ಒಂದೇ: ಕರೆಂಟು. ಈ ಭಾಗದಲ್ಲಿ ಅದಕ್ಕೆ ಆಧಾರವೂ ಇದೆ. ಕೃಷಿ ಪಂಪ್‌ಸೆಟ್ಟುಗಳಿಗೆ ದಿನದಲ್ಲಿ ನಿಗದಿತ ತಾಸುಗಳು ಮಾತ್ರ ತ್ರೀ ಫೇಸ್ ಕೊಡುತ್ತಾರೆ. ಅದು ಬಂದ ಗಳಿಗೆಯಲ್ಲಿ ಆಟೊ ಸ್ಟಾರ್ಟರಿಗೆ ಬಿಟ್ಟ ಮೋಟರುಗಳೆಲ್ಲ ಒಟ್ಟಿಗೆ ಏಳುತ್ತವೆ. ಏಳುವ ಕ್ಷಣದಲ್ಲಿ ಒಂದು ಮೋಟರು ತನ್ನ ಸಾಮಾನ್ಯ ಕರೆಂಟಿನ 5-6 ಪಟ್ಟು ಎಳೆಯುತ್ತದೆ, ಲೈನಿನ ವೋಲ್ಟೇಜು ಕುಸಿಯುತ್ತದೆ, ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತದೆ. ಆದರೂ ಡ್ರೈವು ಮಾಯವಾಗುವುದಕ್ಕೆ ಇದನ್ನು ನೇರ ಕಾರಣವೆಂದು ಒಪ್ಪುವುದು ಕಷ್ಟ. ಕಂಪ್ಯೂಟರಿನ ಪವರ್ ಸಪ್ಲೈ ಒಳಗಿನ ದೊಡ್ಡ ಕೆಪಾಸಿಟರನ್ನು, ಗೋಡೆಯಿಂದ ಕರೆಂಟು ಪೂರ್ತಿ ನಿಂತರೂ ಸುಮಾರು 16 ಮಿಲಿಸೆಕೆಂಡು ಯಂತ್ರವನ್ನು ನಡೆಸುವಂತೆ ಮಾಡಿರುತ್ತಾರೆ. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡು. ಅಂದರೆ ಸುಮಾರು ಮುಕ್ಕಾಲು ಸುತ್ತಿನಷ್ಟು ಹೊತ್ತಿನ ಕುಸಿತ ಒಳಗಿನವರೆಗೆ ತಲುಪುವುದೇ ಇಲ್ಲ. ಅದಕ್ಕಿಂತ ಹೆಚ್ಚಾದರೆ ಇಡೀ ಕಂಪ್ಯೂಟರು ಆರಿ ಹೊತ್ತಿಕೊಳ್ಳುತ್ತದೆ. ಪರದೆಯ ಮೇಲೆ ಮೌಸಿನ ಬಾಣ ಓಡಾಡುತ್ತಲೇ ಇದ್ದು ಡಿ ಡ್ರೈವ್ ಮಾತ್ರ ಹೋಗಿದೆಯೆಂದರೆ ಗೋಡೆಯ ಕರೆಂಟನ್ನು ಸದ್ಯಕ್ಕೆ ಬಿಟ್ಟುಬಿಡಬೇಕು. ಕರೆಂಟಿನ ಮೇಲೆ ದೂರು ಹಾಕುವುದರಲ್ಲಿ ಒಂದು ಅನುಕೂಲವಂತೂ ಇದೆ, ಆಮೇಲೆ ಯಾರೂ ಸ್ಕ್ರೂ ಬಿಚ್ಚಬೇಕಾಗಿಲ್ಲ.

ಎರಡು ಅಪವಾದಗಳನ್ನು ಹೇಳಲೇಬೇಕು. ತನ್ನದೇ ಅಡಾಪ್ಟರಿನಿಂದ ನಡೆಯುವ ಹೊರಗಿನ ಹಾರ್ಡ್‌ಡಿಸ್ಕು ಯುಪಿಎಸ್‌ಗೆ ಸೇರದೆ ನೇರ ಗೋಡೆಗೆ ಸೇರಿದ್ದರೆ, ಕರೆಂಟು ಮಿಣುಕಿದಾಗ ಅದೊಂದೇ ಹೋಗುವುದು ಸಹಜ. ಇನ್ನೊಂದು ಅರ್ಥಿಂಗ್. ಬೇಸಿಗೆಯಲ್ಲಿ ಎರೆಭೂಮಿ ಬಿರುಕುಬಿಟ್ಟು ಒಣಗಿದಾಗ ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಮರೆತವರ ಮನೆಯಲ್ಲಿ, ಅಥವಾ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದ ಕಡೆ, ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಸಣ್ಣ ಕರೆಂಟು ಭೂಮಿಗೆ ಹೋಗಲು ದಾರಿ ಸಿಗದೆ ಡಬ್ಬಿಯ ಮೈಮೇಲೆ ನಿಂತಿರುತ್ತದೆ. ಅಂಥ ಕಡೆ ಯುಎಸ್‌ಬಿ ಡ್ರೈವುಗಳು ಕಾರಣವಿಲ್ಲದೆ ಬಿಟ್ಟು ಬಿಟ್ಟು ಬರಬಹುದು. ಡ್ರೈವಿನ ಮಾತು ಹಾಗಿರಲಿ, ಅರ್ಥಿಂಗ್ ಮಾತ್ರ ಆ ದಿನವೇ ಸರಿಮಾಡಿಸಬೇಕು.

ತನಿಖೆಯ ಮೊದಲ ಪ್ರಶ್ನೆ, ಡ್ರೈವು ಎಲ್ಲಿಂದ ಮಾಯವಾಯಿತು ಎಂಬುದು. ದಿಸ್ ಪಿಸಿ ಕಿಟಕಿಯಲ್ಲಿ ಕಾಣದಿರುವುದು ಒಂದು ಬಗೆ. ಅಲ್ಲಿ ಕಾಣದೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಾಣುವುದು ಇನ್ನೊಂದು. ಕಂಪ್ಯೂಟರು ಹೊತ್ತಿದೊಡನೆ ಡಿಲೀಟ್ ಅಥವಾ ಎಫ್2 ಒತ್ತಿ ಒಳಹೊಕ್ಕರೆ ಸಿಗುವ ಬಯಾಸ್ ಪರದೆಯಲ್ಲೂ ಇಲ್ಲದಿರುವುದು ಮೂರನೆಯದು. ಮೊದಲೆರಡರ ನಡುವೆ ಇರುವುದು ಬರೀ ಅಕ್ಷರದ ಜಗಳ. ಪೆನ್‌ಡ್ರೈವೋ ಕಾರ್ಡ್ ರೀಡರೋ ಡಿ ಎಂಬ ಅಕ್ಷರವನ್ನು ಮೊದಲೇ ಹಿಡಿದುಕೊಂಡಿದ್ದರೆ ಹಾರ್ಡ್‌ಡಿಸ್ಕಿಗೆ ಬೇರೆ ಅಕ್ಷರ ಬೀಳುತ್ತದೆ, ಕೆಲವೊಮ್ಮೆ ಅಕ್ಷರವೇ ಸಿಗುವುದಿಲ್ಲ. ಹಳೆಯ ಡಿಸ್ಕನ್ನು ಹೊಸ ಎಸ್‌ಎಸ್‌ಡಿಗೆ ಪೂರ್ತಿ ಕ್ಲೋನ್ ಮಾಡಿ ಎರಡನ್ನೂ ಒಂದೇ ಯಂತ್ರದಲ್ಲಿಟ್ಟರೆ ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುತ್ತದೆ, ವಿಂಡೋಸ್ ಅವುಗಳಲ್ಲಿ ಒಂದನ್ನು ಆಫ್‌ಲೈನ್ ಎಂದು ಕೂರಿಸುತ್ತದೆ. ಇವೆಲ್ಲ ಕೂತಲ್ಲೇ ಸರಿಪಡಿಸುವಂಥವು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಬಲ ಕ್ಲಿಕ್ಕು ಮಾಡಿ ಆನ್‌ಲೈನ್ ಅನ್ನಬೇಕು, ವರ್ಣಮಾಲೆಯ ಕೊನೆಯ ಕಡೆಯ ಒಂದು ಅಕ್ಷರವನ್ನು ಕಾಯಂ ಕೊಡಬೇಕು, ಮುಗಿಯಿತು. ಬಯಾಸ್‌ನಲ್ಲೂ ಇಲ್ಲವೆಂದಾದರೆ ವಿಂಡೋಸ್‌ನ ತಪ್ಪು ಅಲ್ಲ. ಆಗ ಎಷ್ಟು ಸಲ ವಿಂಡೋಸ್ ಹೊಸದಾಗಿ ಹಾಕಿದರೂ ಡ್ರೈವು ಬರುವುದಿಲ್ಲ. ಬಂದರೆ ಅದು ಬೇರೆ ಕಾರಣಕ್ಕೆ ಬಂದದ್ದು, ಮತ್ತೆ ಹೋಗುತ್ತದೆ.

ಮುಂದಿನ ಹೆಜ್ಜೆ ರಿಪೇರಿ ಅಲ್ಲ, ನಕಲು. ಡ್ರೈವು ಕಾಣಿಸಿದ ಗಳಿಗೆಯಲ್ಲಿ ಅದರೊಳಗಿನದನ್ನು ಬೇರೆ ಕಡೆ ಇಳಿಸಿಕೊಳ್ಳಬೇಕು. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 1 ಟಿಬಿ ಇಳಿಯಲು ಹೆಚ್ಚುಕಡಿಮೆ 3 ತಾಸು ಬೇಕು. ಅಷ್ಟು ಹೊತ್ತು ಡ್ರೈವು ನಿಲ್ಲುತ್ತದೆ ಎಂಬ ಭರವಸೆ ಇಲ್ಲದ್ದರಿಂದ ಮತ್ತೆ ಸಿಗಲಾರದ್ದನ್ನು ಮೊದಲು, ಸಿನೆಮಾ-ಹಾಡುಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಎಂಬ ಆಜ್ಞೆ ನಡುವೆ ಕಡಿದುಹೋದರೆ ಮುಂದಿನ ಸಲ ಆಗಲೇ ಇಳಿದ ಫೈಲುಗಳನ್ನು ಬಿಟ್ಟು ಉಳಿದವನ್ನು ಹಿಡಿಯುತ್ತದೆ. ಈ ಹಂತದಲ್ಲಿ ಎರಡು ಬಟನ್ನುಗಳನ್ನು ಒತ್ತಬಾರದು. ಡ್ರೈವು ಅರ್ಧಂಬರ್ಧ ಕಾಣಿಸಿದಾಗ ವಿಂಡೋಸ್ ತಾನಾಗಿ ಕೇಳುವ "ಫಾರ್ಮ್ಯಾಟ್ ಮಾಡಲೇ" ಎಂಬ ಪ್ರಶ್ನೆಗೆ ಹೌದೆನ್ನುವುದು ಒಂದು. ಚೆಕ್‌ಡಿಸ್ಕ್ ಓಡಿಸುವುದು ಇನ್ನೊಂದು. ಚೆಕ್‌ಡಿಸ್ಕ್ ಕಡತಗಳ ಪಟ್ಟಿಯನ್ನು ತಿದ್ದುವ ಸಾಧನ. ತಿದ್ದುತ್ತಿರುವ ನಡುವೆಯೇ ಡ್ರೈವು ಮತ್ತೊಮ್ಮೆ ಮಾಯವಾದರೆ ಇದ್ದದ್ದೂ ಕಲಸಿಹೋಗುತ್ತದೆ.

ನಕಲಿನ ವಿಷಯದಲ್ಲಿ ಈ ನೆಲಕ್ಕೆ ದೊಡ್ಡ ಹಿನ್ನೆಲೆಯೇ ಇದೆ. ಮುಧೋಳದ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ 1000 ಪ್ರತಿ ಮಾಡಿಸಿ ಹಂಚಿದವಳು. ಅವಳದೇ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣ ಬರೆದ. ಓಲೆಗರಿ ಹುಳ ಹಿಡಿಯುತ್ತದೆ, ನೆನೆಯುತ್ತದೆ, ಉರಿಯುತ್ತದೆ ಎಂಬುದು ಅವಳ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಹಾರ್ಡ್‌ಡಿಸ್ಕಿನ ಕಾಲದಲ್ಲಿ ಹೇಳುವ ಲೆಕ್ಕ ಅಷ್ಟು ದೊಡ್ಡದಲ್ಲ: ಮೂರು ಪ್ರತಿ, ಎರಡು ಬೇರೆ ಸಾಧನಗಳಲ್ಲಿ, ಒಂದು ಬೇರೆ ಜಾಗದಲ್ಲಿ. ಬೇರೆ ಜಾಗ ಯಾಕೆಂದು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಮುಧೋಳದೊಳಕ್ಕೆ ಬಂದಾಗ ಅಲಮಾರಿನ ಕೆಳಗಿನ ಖಾನೆ, ಮೇಲಿನ ಖಾನೆ ಎಂಬ ಭೇದ ಉಳಿಯಲಿಲ್ಲ.

ನಕಲು ಆದ ಮೇಲೆ ತನಿಖೆಗೆ ಬೇಕಾದದ್ದು ಒಂದು ನೋಟುಬುಕ್ಕು. ಡ್ರೈವು ಹೋದ ದಿನ, ವೇಳೆ, ಆಗ ಏನು ನಡೆದಿತ್ತು ಎಂಬಷ್ಟನ್ನು ಬರೆದಿಟ್ಟರೆ ನಾಲ್ಕೈದು ದಾಖಲೆಗಳಾಗುವಷ್ಟರಲ್ಲಿ ದೋಷಕ್ಕೆ ಒಂದು ಮುಖ ಮೂಡುತ್ತದೆ. ಬೆಳಿಗ್ಗೆ ಮೊದಲ ಸಲ ಹಚ್ಚಿದಾಗ ಮಾತ್ರ ಕಾಣದೆ, ರೀಸ್ಟಾರ್ಟ್ ಮಾಡಿದರೆ ಕಾಣುವುದು ಒಂದು ಜಾತಿ. ಊಟಕ್ಕೆ ಹೋಗಿ ಬಂದ ಮೇಲೆ ಕಾಣದಿರುವುದು ಇನ್ನೊಂದು. ದೊಡ್ಡ ವಿಡಿಯೊ ಕಾಪಿಗೆ ಹಾಕಿದಾಗ ನಡುವೆ ಹೋಗುವುದು ಮತ್ತೊಂದು. ಯಾರೋ ಮೇಜಿಗೆ ಒರಗಿದಾಗ, ಕಾಲು ಕ್ಯಾಬಿನೆಟ್ಟಿಗೆ ತಾಗಿದಾಗ ಹೋಗುವುದೂ ಒಂದು ಜಾತಿ, ಮತ್ತು ಅದು ಎಲ್ಲಕ್ಕಿಂತ ಸುಲಭದ್ದು. ನೋಟುಬುಕ್ಕಿಗೆ ಜೋಡಿಯಾಗಿ ವಿಂಡೋಸ್ ತಾನೇ ಒಂದು ದಿನಚರಿ ಬರೆಯುತ್ತಿರುತ್ತದೆ. ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ವಿಭಾಗಕ್ಕೆ ಹೋದರೆ ಅದು ಸಿಗುತ್ತದೆ. ಅಲ್ಲಿ 153 ಎಂದಿದ್ದರೆ ಓದುವ-ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಬೇಕಾಯಿತೆಂದು ಅರ್ಥ. 129 ಎಂದರೆ ಡ್ರೈವು ಉತ್ತರ ಕೊಡದ್ದರಿಂದ ಅದನ್ನು ರೀಸೆಟ್ ಮಾಡಲಾಯಿತು. 157 ಎಂದರೆ ಹೇಳದೆ ಕೇಳದೆ ಡಿಸ್ಕು ಕಿತ್ತುಹೋಯಿತು. ನೋಟುಬುಕ್ಕಿನ ವೇಳೆಗೂ ಇದರ ವೇಳೆಗೂ ತಾಳೆ ನೋಡಿದರೆ, ತೊಂದರೆ ಗಮನಕ್ಕೆ ಬಂದ ಹೊತ್ತಿಗಿಂತ ಎಷ್ಟೋ ಮೊದಲೇ ಶುರುವಾಗಿದ್ದದ್ದು ಗೊತ್ತಾಗುತ್ತದೆ. ಪವರ್‌ಲೂಮಿನಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ, ಹಾಸಿನ ಒಂದು ಎಳೆ ಕಡಿದರೆ ಮಾತ್ರ ಸಾದಾ ಮಗ್ಗ ಓಡುತ್ತಲೇ ಇದ್ದು, ನೇಕಾರ ತಿರುಗಿ ನೋಡುವ ಹೊತ್ತಿಗೆ ಬಟ್ಟೆಯುದ್ದಕ್ಕೂ ಗೆರೆ ಬಿದ್ದಿರುತ್ತದೆ. ಡ್ರೈವಿನ ದೋಷ ಈ ಎರಡನೆಯ ಬಗೆಯದು.

ಇಷ್ಟಾದ ಮೇಲೆ ಡಬ್ಬಿ ಬಿಚ್ಚಬಹುದು. ಇಲ್ಲಿ ನೆನಪಿಡಬೇಕಾದ ಮಾತೆಂದರೆ, ಮಾಯವಾಗುವ ಡ್ರೈವಿನ ದೋಷ ಬಹಳಷ್ಟು ಸಲ ಡ್ರೈವಿನಲ್ಲಿ ಇರುವುದೇ ಇಲ್ಲ, ಅದಕ್ಕೆ ಬಂದು ಸೇರುವ ಎರಡು ವೈರುಗಳಲ್ಲಿ ಇರುತ್ತದೆ. ಹಾರ್ಡ್‌ಡಿಸ್ಕಿಗೆ ಮದರ್‌ಬೋರ್ಡಿನಿಂದ ಬರುವ ಸಾಟಾ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದರೆ ಒಂದು ಚಿಕ್ಕ ಬಾಗಿದ ಸೀಳು, ಅದರೊಳಗೆ ಸಾಲಾಗಿ 7 ಚಿನ್ನದ ಬಣ್ಣದ ಪಟ್ಟಿಗಳು ಕಾಣುತ್ತವೆ. ಮೂರು ಗ್ರೌಂಡಿಗೆ, ಉಳಿದ ನಾಲ್ಕು ಎರಡು ಜೋಡಿಯಾಗಿ ಕಳಿಸಲಿಕ್ಕೆ ಮತ್ತು ತರಿಸಿಕೊಳ್ಳಲಿಕ್ಕೆ. ಸೆಕೆಂಡಿಗೆ 600 ಕೋಟಿ ಬಿಟ್ಟುಗಳು ಓಡಾಡುವ ದಾರಿ ಇಷ್ಟೇ. 2003ರಲ್ಲಿ ಸಾಟಾ ಬಂದಾಗ ಕೇಬಲ್ಲಿಗೆ ಕೊಕ್ಕೆ ಇರಲಿಲ್ಲ, ಬರೀ ಬಿಗಿತದ ಮೇಲೆ ನಿಲ್ಲುತ್ತಿತ್ತು. ಆಮೇಲೆ ಬಂದ ಕೇಬಲ್ಲುಗಳಲ್ಲಿ ಒಂದು ಲೋಹದ ನಾಲಿಗೆ ಇರುತ್ತದೆ, ಒತ್ತಿದಾಗ ಟಿಕ್ ಎನ್ನುತ್ತದೆ. ಈ ತುದಿಗಳನ್ನು 50 ಸಲದಷ್ಟು ಹಾಕಿ ತೆಗೆಯುವ ಲೆಕ್ಕಕ್ಕೆ ಮಾತ್ರ ಮಾಡಿರುತ್ತಾರೆ. ಹಳೆಯ ಹಾರ್ಡ್‌ಡಿಸ್ಕಿನ ಜೊತೆಗೇ ಹಳೆಯ ಕೇಬಲ್ಲನ್ನೂ ಹೊಸ ಡಬ್ಬಿಗೆ ತಂದು ಹಾಕುವ ಪದ್ಧತಿ ಇದೆ. ಕೆಲವು ರೂಪಾಯಿಯ ಈ ಉಳಿತಾಯವೇ ಎಷ್ಟೋ ಸಲ ಇಡೀ ಕಥೆಯ ಮೂಲ.

ಹೊಸ ಯಂತ್ರ ಊರು ಸೇರಿದ ಬಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಜೋಡಿಸಿದ ಕಂಪ್ಯೂಟರು ಬಸ್ಸಿನ ಲಗೇಜಿನಲ್ಲಿ, ಗೂಡ್ಸ್ ಗಾಡಿಯಲ್ಲಿ ಬರುತ್ತದೆ. ಅಂಗಡಿಯಲ್ಲಿ ಓಡಿಸಿ ತೋರಿಸಿದಾಗ ಎಲ್ಲ ಸರಿಯಾಗೇ ಇತ್ತು. ಆದರೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಉತ್ತು ಹಾಕಿದ ರಸ್ತೆಯ ಮೇಲೆ ತಾಸುಗಟ್ಟಲೆ ಕುಲುಕಿದ ಡಬ್ಬಿಯೊಳಗೆ ಕೂದಲೆಳೆಯಷ್ಟು ಸರಿದ ಕೇಬಲ್ಲು ಪೂರ್ತಿ ಕಳಚಿರುವುದಿಲ್ಲ, ಪೂರ್ತಿ ಕೂತೂ ಇರುವುದಿಲ್ಲ. ಬಿಸಿಯಾದಾಗ ಹಿಗ್ಗಿ, ತಣ್ಣಗಾದಾಗ ಕುಗ್ಗಿ, ಫ್ಯಾನಿನ ಅದುರಿಗೆ ಅಲುಗಿ ಅದು ತನ್ನ ಆಟ ತೋರಿಸುತ್ತದೆ. ಆದ್ದರಿಂದ ಹೊಸ ಯಂತ್ರ ಮನೆಗೆ ಬಂದ ದಿನ ಕರೆಂಟು ಹಚ್ಚುವ ಮೊದಲೇ ಪಕ್ಕದ ಬಾಗಿಲು ತೆಗೆದು ಎಲ್ಲವನ್ನೂ ಒಮ್ಮೆ ಒತ್ತಿ ನೋಡುವುದು ಲೇಸು. ಮುಚ್ಚಿದ ಡಬ್ಬಿ ಬಿಚ್ಚಿದರೆ ವಾರಂಟಿ ಹೋಗುತ್ತದೆಂಬ ಭಯವಿದ್ದರೆ ಮಾರಿದವರನ್ನೇ ಕರೆಸಿ ಒತ್ತಿಸಬೇಕು.

ಕೇಬಲ್ಲಿನ ತಪ್ಪಿಗೆ ಸಾಕ್ಷಿಯೂ ಸಿಗುತ್ತದೆ. ಪ್ರತಿ ಡ್ರೈವೂ ಸ್ಮಾರ್ಟ್ ಎಂಬ ಹೆಸರಿನ ಆರೋಗ್ಯದ ಪಟ್ಟಿಯೊಂದನ್ನು ತನ್ನೊಳಗೇ ಬರೆದುಕೊಂಡಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಸಾಟಾ ಡ್ರೈವಿನಲ್ಲಿ ಸಿ7 ಎಂಬ ಸಾಲನ್ನು ಹುಡುಕಬೇಕು, ಬೇರೆ ತಂತ್ರಾಂಶಗಳಲ್ಲಿ ಅದೇ 199. ಮದರ್‌ಬೋರ್ಡಿಗೂ ಡ್ರೈವಿಗೂ ನಡುವೆ ಸಾಗುವಾಗ ಕೆಟ್ಟ ಸಂದೇಶಗಳ ಎಣಿಕೆ ಅದು. ಡಿಸ್ಕಿನೊಳಗಿನ ತಟ್ಟೆಯ ಮೇಲಿನ ಬರಹ ಕೆಟ್ಟರೆ ಈ ಸಂಖ್ಯೆ ಏರುವುದಿಲ್ಲ, ದಾರಿ ಕೆಟ್ಟರೆ ಏರುತ್ತದೆ. ಸೊನ್ನೆ ಅಲ್ಲದಿದ್ದರೆ ಗಾಬರಿಯಾಗಬೇಕಾಗಿಲ್ಲ, ಏಕೆಂದರೆ ಒಮ್ಮೆ ಏರಿದ್ದು ಇಳಿಯುವುದಿಲ್ಲ. ಐದು ವರ್ಷದ ಹಿಂದೆ ಬೇರೆ ಡಬ್ಬಿಯಲ್ಲಿ ಆದದ್ದೂ ಅದರಲ್ಲಿ ಸೇರಿರಬಹುದು. ಸಂಖ್ಯೆಯನ್ನು ನೋಟುಬುಕ್ಕಿನಲ್ಲಿ ಬರೆದು, ಹೊಸ ಕೇಬಲ್ಲು ಹಾಕಿ, ಕೆಲವು ದಿನ ಬಿಟ್ಟು ನೋಡಬೇಕು. ಅಲ್ಲೇ ನಿಂತಿದ್ದರೆ ಕಳ್ಳ ಸಿಕ್ಕ. ಇನ್ನೂ ಏರುತ್ತಿದ್ದರೆ ಮದರ್‌ಬೋರ್ಡಿನ ಬೇರೊಂದು ಸಾಟಾ ಪೋರ್ಟಿಗೆ ಬದಲಿಸಿ ಮತ್ತೆ ನೋಡಬೇಕು. ಕೇಬಲ್ಲು, ಪೋರ್ಟು, ಸೆಟ್ಟಿಂಗು ಮೂರನ್ನೂ ಒಂದೇ ಸಂಜೆ ಬದಲಿಸುವ ಅವಸರ ಬಹಳ ಮಂದಿಗೆ. ಹಾಗೆ ಮಾಡಿದಾಗ ಡ್ರೈವು ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ಸಲ ಮೂರನ್ನೂ ಮತ್ತೆ ಮಾಡಬೇಕಾಗುತ್ತದೆ.

ಎರಡನೆಯ ವೈರು ಕರೆಂಟಿನದು, 15 ಪಟ್ಟಿಗಳ ಅಗಲದ ತುದಿ. ಮೂರೂವರೆ ಇಂಚಿನ ಹಾರ್ಡ್‌ಡಿಸ್ಕಿನಲ್ಲಿ ಮೋಟರು 12 ವೋಲ್ಟಿನಿಂದ ತಿರುಗುತ್ತದೆ, ಎಲೆಕ್ಟ್ರಾನಿಕ್ ಭಾಗ 5 ವೋಲ್ಟಿನಿಂದ ನಡೆಯುತ್ತದೆ. ಎರಡೂವರೆ ಇಂಚಿನ ಎಸ್‌ಎಸ್‌ಡಿಗೆ 5 ವೋಲ್ಟು ಸಾಕು. ಒಂದೇ ವೈರಿನ ಮೇಲಿನ ಎಸ್‌ಎಸ್‌ಡಿ ಚೆನ್ನಾಗಿದ್ದು ಹಾರ್ಡ್‌ಡಿಸ್ಕು ಮಾತ್ರ ಹೋಗುತ್ತಿದ್ದರೆ 12 ವೋಲ್ಟಿನ ಮೇಲೆ ಗುಮಾನಿ ಪಡಬೇಕು. ತಟ್ಟೆ ತಿರುಗಲು ಶುರುವಾಗುವಾಗ ಡಿಸ್ಕು ಎಲ್ಲಕ್ಕಿಂತ ಹೆಚ್ಚು ಕರೆಂಟು ಎಳೆಯುವುದರಿಂದ ಬಳಲಿದ ಸಪ್ಲೈ ಅಲ್ಲೇ ಸಿಕ್ಕಿಬೀಳುತ್ತದೆ. ಊರಿನ ಎಲೆಕ್ಟ್ರಿಷಿಯನ್ನನ ಮಲ್ಟಿಮೀಟರೇ ಇದಕ್ಕೆ ಸಾಕು: 12 ವೋಲ್ಟು 11.4ಕ್ಕಿಂತ ಕೆಳಗೆ, 5 ವೋಲ್ಟು 4.75ಕ್ಕಿಂತ ಕೆಳಗೆ ಇಳಿಯಬಾರದು. ಹಳೆಯ ಕಾಲದ ನಾಲ್ಕು ಪಿನ್ನಿನ ತುದಿಯನ್ನು ಸಾಟಾಗೆ ಬದಲಿಸುವ ಅಗ್ಗದ ಕನ್ವರ್ಟರುಗಳನ್ನು, ಅದರಲ್ಲೂ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಂಥವನ್ನು ತೆಗೆದು ಬಿಸಾಡುವುದೇ ಸರಿ. ಒಳಗೆ ವೈರುಗಳು ಒಂದಕ್ಕೊಂದು ತಾಗಿ ಕರಗಿದ, ಹೊತ್ತಿಕೊಂಡ ಉದಾಹರಣೆಗಳಿವೆ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ವೈರುಗಳನ್ನು ಪೂರ್ತಿ ಕಳಚಬಹುದಾದ ಮಾಡ್ಯುಲರ್ ಸಪ್ಲೈಗಳಲ್ಲಿ ಒಂದರ ವೈರು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ವೋಲ್ಟುಗಳ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟಿನ ಜಾಗಕ್ಕೆ 12 ಬಂದರೆ ಡ್ರೈವು ಆಗಾಗ ಮಾಯವಾಗುವುದಿಲ್ಲ, ಒಂದೇ ಸಲ ಹೋಗುತ್ತದೆ.

ಮದರ್‌ಬೋರ್ಡಿನ ಮೇಲೇ ಮಲಗುವ ಎಂ.2 ಎಸ್‌ಎಸ್‌ಡಿಗೆ ವೈರೇ ಇಲ್ಲ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಪಟ್ಟಿ, ಓರೆಯಾಗಿ ತೂರಿಸಿ ಕೆಳಗೆ ಒತ್ತಿ, ತುದಿಗೆ ಎಳ್ಳಿನಷ್ಟು ಸ್ಕ್ರೂ. ಆ ಸ್ಕ್ರೂ ನೆಲಕ್ಕೆ ಬಿದ್ದು ಕಳೆದುಹೋದರೆ ಟೇಪು ಅಂಟಿಸಿ ನಿಲ್ಲಿಸುವವರಿದ್ದಾರೆ. ಏಪ್ರಿಲ್ ತಿಂಗಳ ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ಪಟ್ಟಿ ಮೇಲೇಳುತ್ತದೆ, ಡ್ರೈವು ಹೋಗುತ್ತದೆ. ಕೆಲವು ಹೊಸ ಬೋರ್ಡುಗಳಲ್ಲಿ ಇನ್ನೊಂದು ವಿಚಿತ್ರವೂ ಇದೆ. ಎರಡನೆಯ ಎಂ.2 ಜಾಗದಲ್ಲಿ ಡ್ರೈವು ಹಾಕಿದರೆ ಒಂದೋ ಎರಡೋ ಸಾಟಾ ಪೋರ್ಟುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ, ಏಕೆಂದರೆ ಎರಡಕ್ಕೂ ದಾರಿ ಒಂದೇ. ಇದು ಬೋರ್ಡಿನ ಪುಸ್ತಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ ಪುಸ್ತಿಕೆ ಡಬ್ಬಿಯ ಜೊತೆ ಅಟ್ಟ ಸೇರಿರುತ್ತದೆ.

ಊಟಕ್ಕೆ ಹೋಗಿ ಬಂದ ಮೇಲೆ ಕಾಣದಾಗುವ ಡ್ರೈವಿನದು ನಿದ್ದೆಯ ತೊಂದರೆ. ವಿದ್ಯುತ್ ಉಳಿಸಲೆಂದು ವಿಂಡೋಸ್ ಸಾಮಾನ್ಯವಾಗಿ 20 ನಿಮಿಷ ಕೆಲಸವಿಲ್ಲದ ಹಾರ್ಡ್‌ಡಿಸ್ಕನ್ನು ನಿಲ್ಲಿಸುತ್ತದೆ, ಎಸ್‌ಎಸ್‌ಡಿ ಮತ್ತು ಬೋರ್ಡಿನ ನಡುವಿನ ಕೊಂಡಿಯನ್ನೂ ತೂಕಡಿಕೆಗೆ ಹಾಕುತ್ತದೆ. ಎಬ್ಬಿಸಿದಾಗ ಕೆಲವು ಡ್ರೈವುಗಳು ಏಳುವುದು ತಡ, ಕೆಲವು ಏಳುವುದೇ ಇಲ್ಲ. ಪವರ್ ಆಪ್ಷನ್ಸ್‌ನಲ್ಲಿ ಹಾರ್ಡ್‌ಡಿಸ್ಕ್ ನಿಲ್ಲಿಸುವ ಅವಧಿಯನ್ನು ನೆವರ್ ಎಂದು, ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಎಂಬುದನ್ನು ಆಫ್ ಎಂದು, ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಅನ್ನು ಡಿಸೇಬಲ್ ಎಂದು ಮಾಡಿ ನೋಡಬೇಕು. ಮೇಜಿನ ಕಂಪ್ಯೂಟರಿನಲ್ಲಿ ಇದರಿಂದ ಬಿಲ್ಲು ಏರುವುದು ಲೆಕ್ಕಕ್ಕೆ ಬಾರದಷ್ಟು. ಬೆಳಗಿನ ಮೊದಲ ಸಲ ಮಾತ್ರ ಕಾಣದ ಹಾರ್ಡ್‌ಡಿಸ್ಕು ಇದರದೇ ದಾಯಾದಿ. ಹಳೆಯ ಡಿಸ್ಕಿನ ತಟ್ಟೆ ಪೂರ್ಣ ವೇಗಕ್ಕೆ ಬರಲು ಹಲವು ಸೆಕೆಂಡು ಬೇಕು. ಹೊಸ ಬೋರ್ಡಿನ ಫಾಸ್ಟ್ ಬೂಟ್ ಅಷ್ಟರೊಳಗೆ ಹಾಜರಿ ಕರೆದು ಮುಗಿಸಿರುತ್ತದೆ. ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿದರೆ ಮುದುಕನಿಗೆ ಸಾವರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಬಯಾಸ್‌ನ ಚಿಕ್ಕ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಈ ಸೆಟ್ಟಿಂಗು ಮತ್ತೆ ಮತ್ತೆ ಮೊದಲಿನಂತಾಗುತ್ತದೆ ಎಂಬುದೂ ಗಮನದಲ್ಲಿರಲಿ.

ಕಾಪಿ ನಡೆಯುತ್ತಿರುವಾಗಲೇ ಹೋಗುವುದಕ್ಕೆ ಶಾಖ ಕಾರಣವಿರಬಹುದು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದ 4ಕೆ ಮದುವೆ ವಿಡಿಯೊ ತಾಸಿಗೆ 45 ಜಿಬಿ ಆಗುತ್ತದೆ. ಅರಿಶಿಣದಿಂದ ಅಕ್ಷತೆಯವರೆಗೆ ಎರಡು ಕ್ಯಾಮೆರಾ ಓಡಿದರೆ ಎಷ್ಟೆಂದು ಸ್ಟುಡಿಯೊದವರಿಗೆ ಗೊತ್ತು. ಮನೆಬಳಕೆಯ ಎಸ್‌ಎಸ್‌ಡಿಗಳನ್ನು ಸಾಮಾನ್ಯವಾಗಿ 70 ಡಿಗ್ರಿವರೆಗೆ ಕೆಲಸ ಮಾಡುವಂತೆ ಮಾಡಿರುತ್ತಾರೆ. ಬಿಸಿ ಏರಿದಂತೆ ಅವು ಮೊದಲು ನಿಧಾನವಾಗುತ್ತವೆ, ಮಿತಿ ಮೀರಿದರೆ ತಮ್ಮನ್ನು ಉಳಿಸಿಕೊಳ್ಳಲು ಕೆಲಸ ನಿಲ್ಲಿಸುತ್ತವೆ. ಬಾಗಲಕೋಟೆ ಜಿಲ್ಲೆಯ ಬೇಸಿಗೆಯಲ್ಲಿ ಹೊರಗೇ 40 ದಾಟಿರುವಾಗ ತಗಡಿನ ಮಾಡಿನ ಕೆಳಗಿನ ಕ್ಯಾಬಿನೆಟ್ಟಿನಲ್ಲಿ ಆ ಮಿತಿ ದೂರವಿಲ್ಲ. ರಬಕವಿ-ಬನಹಟ್ಟಿಯಲ್ಲಿ ಇದಕ್ಕೆ ಮಗ್ಗದ ಮನೆಯ ಪಾಲೂ ಸೇರುತ್ತದೆ. ಪವರ್‌ಲೂಮ್ ಶೆಡ್ಡಿನ ಗೋಡೆಗೆ ಒತ್ತಿಕೊಂಡ ಕೋಣೆಯಲ್ಲಿಟ್ಟ ಕಂಪ್ಯೂಟರಿನ ಮುಂಭಾಗದ ಜಾಲರಿ ತೆಗೆದರೆ ಹತ್ತಿಯ ಎಳೆಗಳು ಒತ್ತಾಗಿ ಸೇರಿ, ಕೈಯಲ್ಲಿ ಹಿಡಿದು ಎತ್ತಿದರೆ ಒಂದೇ ತುಂಡಾಗಿ ಬರುವ ಬೂದು ಬಣ್ಣದ ಪದರ ಸಿಗುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗಿರುವುದಿಲ್ಲ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಂಡು ಊದಿದರೆ ಸಾಕು.

ಹೊಸ ಯಂತ್ರದಲ್ಲಿ ಕಾರ್ಖಾನೆಯ ತಪ್ಪೂ ಇರಬಹುದು ಎಂಬುದನ್ನು ಒಪ್ಪಿಕೊಳ್ಳಲು ಜನ ಹಿಂಜರಿಯುತ್ತಾರೆ. 2011ರ ಜನವರಿ 31ರಂದು ಇಂಟೆಲ್ ಕಂಪನಿ ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ತನ್ನ 6 ಸರಣಿಯ ಚಿಪ್‌ಸೆಟ್ಟನ್ನು ವಾಪಸು ಕರೆಸಿತು. ಅದರ ನಿಧಾನ ವೇಗದ ನಾಲ್ಕು ಸಾಟಾ ಪೋರ್ಟುಗಳಿಗೆ ತಾಳ ಹಾಕುವ ಭಾಗದ ಒಂದು ಟ್ರಾನ್ಸಿಸ್ಟರಿಗೆ ತಡೆಯಲಾರದಷ್ಟು ವೋಲ್ಟೇಜು ಹೋಗುತ್ತಿತ್ತು. ಮೊದಲ ದಿನ ಏನೂ ತೋರುತ್ತಿರಲಿಲ್ಲ; ತಿಂಗಳುಗಳು ಕಳೆದಂತೆ ಪೋರ್ಟು ಸೊರಗಿ ಡ್ರೈವು ತಪ್ಪಿಹೋಗುವ ಸಂಭವವಿತ್ತು. ಉಳಿದೆರಡು ವೇಗದ ಪೋರ್ಟುಗಳಿಗೆ ಏನೂ ಆಗುತ್ತಿರಲಿಲ್ಲ. ಬೇರೆ ಪೋರ್ಟಿಗೆ ಬದಲಿಸಿ ನೋಡಿ ಎಂಬ ಸಲಹೆಗೆ ಇದಕ್ಕಿಂತ ದುಬಾರಿ ಸಮರ್ಥನೆ ಬೇಕಿಲ್ಲ, ರಿಪೇರಿ-ಬದಲಾವಣೆಗೆ ಕಂಪನಿ ಹಾಕಿದ ಅಂದಾಜು 70 ಕೋಟಿ ಡಾಲರು. ಡ್ರೈವಿನೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ಹೀಗೇ ಕೈಕೊಟ್ಟದ್ದಿದೆ. ಕ್ರೂಶಿಯಲ್ ಎಂ4 ಎಂಬ ಎಸ್‌ಎಸ್‌ಡಿ ಒಟ್ಟು 5184 ತಾಸು ಓಡಿದ ಮೇಲೆ ಉತ್ತರ ಕೊಡುವುದನ್ನು ನಿಲ್ಲಿಸುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಬರುತ್ತಿತ್ತು, ಒಂದು ತಾಸಿಗೆ ಮತ್ತೆ ಹೋಗುತ್ತಿತ್ತು. ತಾಸು ಎಣಿಸುವ ಲೆಕ್ಕದಲ್ಲಿ ಆದ ತಪ್ಪು ಅದು, 2012ರ ಜನವರಿಯಲ್ಲಿ ಹೊಸ ಫರ್ಮ್‌ವೇರ್ ಬಂದು ಸರಿಯಾಯಿತು. ಎಲ್ಲ ಗುಲ್ಲೂ ನಿಜವಾಗಿರುವುದಿಲ್ಲ ಎಂಬುದಕ್ಕೂ ಉದಾಹರಣೆ ಇದೆ. 2025ರ ಆಗಸ್ಟಿನಲ್ಲಿ ವಿಂಡೋಸ್ 11ರ ಒಂದು ಅಪ್‌ಡೇಟಿನಿಂದ ದೊಡ್ಡ ಕಾಪಿಯ ನಡುವೆ ಎಸ್‌ಎಸ್‌ಡಿಗಳು ಮಾಯವಾಗುತ್ತಿವೆ ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. ಮೈಕ್ರೊಸಾಫ್ಟೂ ಎಸ್‌ಎಸ್‌ಡಿಗಳಿಗೆ ಕಂಟ್ರೋಲರ್ ಮಾಡುವ ಫೈಸನ್ ಕಂಪನಿಯೂ ಪರೀಕ್ಷಿಸಿ, ಅಪ್‌ಡೇಟಿಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ ಎಂದವು. ಬೋರ್ಡಿನ ಬಯಾಸ್, ಡ್ರೈವಿನ ಫರ್ಮ್‌ವೇರ್ ಎರಡನ್ನೂ ಹೊಸದಕ್ಕೆ ಏರಿಸುವುದು ಒಳ್ಳೆಯದೇ. ಆದರೆ ನಕಲು ಆದ ಮೇಲೆ, ಮತ್ತು ಯುಪಿಎಸ್ ಬ್ಯಾಟರಿ ಗಟ್ಟಿಯಾಗಿರುವ ದಿನ ನೋಡಿಕೊಂಡು. ಅದರ ನಡುವೆ ತ್ರೀ ಫೇಸ್ ಬಂದು ಎಲ್ಲ ಮೋಟರುಗಳೂ ಎದ್ದರೆ ಬೋರ್ಡೇ ಏಳದಿರಬಹುದು.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಡ್ರೈವು. ಅದನ್ನು ತೀರ್ಮಾನಿಸಲು ಅದಲು-ಬದಲಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಗುಮಾನಿಯ ಡ್ರೈವನ್ನು ಪರಿಚಯದವರ ಕಂಪ್ಯೂಟರಿಗೆ, ಅವರದೊಂದು ಸರಿಯಾದ ಡ್ರೈವನ್ನು ಈ ಕಂಪ್ಯೂಟರಿನ ಅದೇ ವೈರಿಗೆ ಹಾಕಿ ನೋಡಬೇಕು. ದೋಷ ಡ್ರೈವಿನ ಹಿಂದೆ ಹೋದರೆ ಡ್ರೈವಿನದು, ಇಲ್ಲೇ ಉಳಿದರೆ ಯಂತ್ರದ್ದು. ಸ್ಮಾರ್ಟ್ ಪಟ್ಟಿಯಲ್ಲಿ ಡ್ರೈವಿನೊಳಗಿನ ಕೆಟ್ಟ ಜಾಗಗಳನ್ನು ಎಣಿಸುವ 05 ಮತ್ತು ಸಿ5 ಸಾಲುಗಳ ಸಂಖ್ಯೆ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಹಾರ್ಡ್‌ಡಿಸ್ಕಿನೊಳಗಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಅದಲು-ಬದಲಿಗೂ ಕಾಯಬಾರದು, ನಿಲ್ಲಿಸಿಬಿಡಬೇಕು. ಹೊಸ ಡ್ರೈವಿಗೆ ಮೂರೋ ಐದೋ ವರ್ಷದ ವಾರಂಟಿ ಇರುತ್ತದೆ, ಕಂಪನಿಯ ತಾಣದಲ್ಲಿ ಸೀರಿಯಲ್ ನಂಬರು ಹಾಕಿದರೆ ಎಲ್ಲಿಯವರೆಗೆಂದು ತಿಳಿಯುತ್ತದೆ. ವಾರಂಟಿಯಲ್ಲಿ ಬೇರೆ ಡ್ರೈವು ಕೊಡುತ್ತಾರೆ, ಒಳಗಿದ್ದದ್ದನ್ನು ಕೊಡುವುದಿಲ್ಲ. ವಾಪಸು ಹೋದ ಡ್ರೈವು ಮತ್ತೆ ಬರುವುದೂ ಇಲ್ಲ. ಗಿರಾಕಿಗಳ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನುಗಳಿರುವ ಆನ್‌ಲೈನ್ ಸೆಂಟರಿನ ಡ್ರೈವಾದರೆ ಅದು ಕಾಣಿಸಿಕೊಂಡ ಒಂದು ಗಳಿಗೆಯಲ್ಲಿ ಪೂರ್ತಿ ಅಳಿಸಿ ಕಳಿಸಬೇಕು. ಅಳಿಸಲು ಆಗದಿದ್ದರೆ ಹೊಸ ಡ್ರೈವಿನ ಆಸೆ ಬಿಟ್ಟು ಹಳೆಯದನ್ನು ಕೈಯಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಸರಿಹೋಯಿತೆಂದು ಯಾವಾಗ ಅನ್ನಬೇಕು ಎಂಬುದೊಂದು ಬಾಕಿ. ಡ್ರೈವು ಇವತ್ತು ಕಾಣಿಸುತ್ತಿದೆ ಎಂಬುದಕ್ಕೆ ಬೆಲೆ ಇಲ್ಲ, ಅದು ಮೊದಲೂ ಕಾಣಿಸುತ್ತಲೇ ಇತ್ತು. ಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದರೆ ಕನಿಷ್ಠ ಮೂರು ವಾರ ಹೋಗದೆ ಇರಬೇಕು, ದಿನಕ್ಕೊಮ್ಮೆ ಹೋಗುತ್ತಿದ್ದರೆ ಕೆಲವು ದಿನ ಸಾಕು. ಆ ಅವಧಿಯಲ್ಲಿ ಸಿ7 ಏರಿರಬಾರದು, ಈವೆಂಟ್ ವ್ಯೂವರಿನಲ್ಲಿ 129, 153, 157 ಹೊಸದಾಗಿ ಬಂದಿರಬಾರದು, ಒಂದು ದೊಡ್ಡ ಕಾಪಿ ನಡುಮಧ್ಯಾಹ್ನದ ಬಿಸಿಲಲ್ಲಿ ನಿಲ್ಲದೆ ಮುಗಿದಿರಬೇಕು. ಇಷ್ಟೂ ಆದರೆ ಪಕ್ಕದ ಬಾಗಿಲಿನ ನಾಲ್ಕೂ ಸ್ಕ್ರೂ ಹಾಕಬಹುದು. ಅಲ್ಲಿಯವರೆಗೆ ಎರಡೇ ಹಾಕಿರುವುದು ಅನುಕೂಲ.